ಪರದೇಶಿ ಬಾಣಂತಿ: ಪಿರಿಯಾಪಟ್ಟಣ–ಹುಣಸೂರು ಸೀಮೆಯ ಟಿಬೆಟಿಯನ್ ವಸತಿಗಳು ಮತ್ತು ಹೆರಿಗೆ ಸೌಲಭ್ಯದ ಹಕ್ಕು

ಕನ್ನಡದಲ್ಲಿ ‘ಪರದೇಶಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಇನ್ನೊಂದು. ಆಡುಮಾತಿನಲ್ಲಿ ಎರಡನೆಯ ಅರ್ಥವೇ ಹೆಚ್ಚು ಕೇಳಿಬರುತ್ತದೆ. ಆದರೆ ಜನಪದರ ನಡಾವಳಿಯಲ್ಲಿ ಗರ್ಭಿಣಿಗೆ ಪರದೇಶಿತನ ಸಲ್ಲದು. ಬಸುರಿಯ ಬಯಕೆ ತೀರಿಸುವುದು, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವುದು, ಮಡಿಲು ತುಂಬಿ ಕಳುಹಿಸುವುದು ಇವೆಲ್ಲ ದಯೆಯ ಕೆಲಸಗಳಲ್ಲ. ಹೆಣ್ಣಿಗೆ ಸಲ್ಲಲೇಬೇಕಾದ ಬಾಧ್ಯತೆಗಳು. ಹಾಗಾದರೆ ತವರೇ ಗಡಿಯಾಚೆ ಉಳಿದುಹೋದ, ತನಗಾಗಲಿ ಗಂಡನಿಗಾಗಲಿ ನೆಲೆಯಾದ ದುಡಿಮೆಯಿಲ್ಲದ ಹೆಣ್ಣಿನ ವಿಷಯದಲ್ಲಿ ಈ ಬಾಧ್ಯತೆ ಯಾರದು? ಮೈಸೂರು ಜಿಲ್ಲೆಯ ಪಶ್ಚಿಮ ಭಾಗ ಈ ಪ್ರಶ್ನೆಯನ್ನು ಆರು ದಶಕಗಳಿಂದ ಕಂಡಿದೆ.

1959ರಲ್ಲಿ ದಲೈ ಲಾಮಾ ಅವರೊಡನೆ ಮತ್ತು ಅವರ ಹಿಂದೆ ಭಾರತಕ್ಕೆ ಬಂದ ಟಿಬೆಟಿಯನ್ನರಿಗೆ ನೆಲೆ ಒದಗಿಸುವ ವಿಚಾರ ಬಂದಾಗ, ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯ ಕಾಡುಭೂಮಿಯನ್ನು ಗುತ್ತಿಗೆಯ ಮೇಲೆ ನೀಡಿತು. ಎಸ್. ನಿಜಲಿಂಗಪ್ಪನವರು ಇದರಲ್ಲಿ ವಹಿಸಿದ ಪಾತ್ರವನ್ನು ಟಿಬೆಟಿಯನ್ನರು ಇಂದಿಗೂ ಸ್ಮರಿಸುತ್ತಾರೆ. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಲುಗ್ಸುಂಗ್ ಸಾಮ್ದುಪ್ಲಿಂಗ್ ಎಂಬ ಆ ವಸತಿ ಜನರ ಬಾಯಲ್ಲಿ ‘ಹಳೆ ಕ್ಯಾಂಪ್’ ಆಯಿತು. 1969ರಲ್ಲಿ ಪಕ್ಕದಲ್ಲಿಯೇ ಡಿಕ್ಯಿ ಲಾರ್ಸೋ, 1972ರಲ್ಲಿ ಹುಣಸೂರು ತಾಲೂಕಿನ ಗುರುಪುರದಲ್ಲಿ ರಬ್ಗ್ಯೇಲಿಂಗ್ ನೆಲೆಗೊಂಡವು. ಇಂದು ‘ಮೈರಾಡ’ ಎಂದು ಹೆಸರಾಗಿರುವ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿಗೆ ನೆರವಾಗಲೆಂದು. ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆಯಿತು. ಮಳೆಯನ್ನೇ ನಂಬಿದ ಈ ಬೇಸಾಯ ವರ್ಷವಿಡೀ ಕೈಹಿಡಿಯದ ಕಾರಣ ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಕುಟುಂಬಗಳ ಆಧಾರವಾಯಿತು. ಸರ್ಕಾರದ ಕಡತದಲ್ಲಿ ಇಂಥ ದುಡಿಮೆ ‘ಉದ್ಯೋಗ’ ಎನಿಸಿಕೊಳ್ಳುವುದಿಲ್ಲ ಎಂಬುದು ಮುಂದಿನ ಚರ್ಚೆಗೆ ಮುಖ್ಯ.

ವಲಸೆ ಬಂದವರಿಗೆ ಕಾನೂನು ಕೊಟ್ಟ ಹೆಸರು ‘ವಿದೇಶೀಯ’. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದ್ದರಿಂದ 1939ರ ವಿದೇಶೀಯರ ನೋಂದಣಿ ಕಾಯ್ದೆಯ ಅಡಿಯಲ್ಲಿ ನೋಂದಣಿ ಪತ್ರ ಪಡೆದು, ಕಾಲಕಾಲಕ್ಕೆ ನವೀಕರಿಸಿಕೊಂಡು ಅವರು ಬದುಕಬೇಕಾಯಿತು. 2025ರಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ವಲಸೆ ಮತ್ತು ವಿದೇಶೀಯರ ಹೊಸ ಕಾಯ್ದೆ ಬಂದಿದೆ. ಈ ಪತ್ರವಿರುವ ಗರ್ಭಿಣಿಗೆ ಏನು ಸಲ್ಲುತ್ತದೆ? 2025ರವರೆಗೆ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆ ರಾಷ್ಟ್ರೀಯತೆಯನ್ನು ಕೇಳುತ್ತಿರಲಿಲ್ಲ. ಸಂಬಳದ ಪಟ್ಟಿಯನ್ನು ಕೇಳುತ್ತಿತ್ತು. ಹೊಲದಲ್ಲಿ, ಸ್ವೆಟರ್ ಅಂಗಡಿಯ ಮುಂದೆ ದುಡಿದವಳ ಹೆಸರು ಯಾವ ಸಂಬಳದ ಪಟ್ಟಿಯಲ್ಲಿಯೂ ಇರಲಿಲ್ಲ. ಹೀಗಾಗಿ ಹೆರಿಗೆಯ ಭಾರವನ್ನು ಬಹುಕಾಲ ಹೊತ್ತವರು ವಸತಿಯ ಬಂಧುಬಳಗ ಮತ್ತು ಟಿಬೆಟಿಯನ್ನರದೇ ಆಸ್ಪತ್ರೆಗಳು.

ನಿರುದ್ಯೋಗಿ ಬಡ ಗರ್ಭಿಣಿಗೆಂದು ಕೇಂದ್ರ ಸರ್ಕಾರ 1995ರಲ್ಲಿ ಆರಂಭಿಸಿದ ನೆರವು 300 ರೂಪಾಯಿ, ನಂತರ 500. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು, ಕರ್ನಾಟಕದ ಹಳ್ಳಿಗಳ ಬಡ ತಾಯಂದಿರಿಗೆ ಆಸ್ಪತ್ರೆಯ ಹೆರಿಗೆಗೆ 700 ರೂಪಾಯಿ ನಿಗದಿಯಾಯಿತು. 2007ರಲ್ಲಿ ರಾಜ್ಯ ಸರ್ಕಾರ ಸೊಳ್ಳೆಪರದೆ, ಹೊದಿಕೆ, ಸೋಪು, ಮಗುವಿನ ಬಟ್ಟೆಗಳ ಒಂದು ಚೀಲವನ್ನು ಬಾಣಂತಿಯರಿಗೆ ಕೊಡತೊಡಗಿತು. ಅದಕ್ಕೆ ಇಟ್ಟ ಹೆಸರು ‘ಮಡಿಲು’! ಜಾನಪದದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಪ್ರಭುತ್ವ ತವರಿನ ಆಚರಣೆಯ ಹೆಸರನ್ನೇ ಎತ್ತಿಕೊಂಡು ತಾನು ತವರಿನ ಸ್ಥಾನದಲ್ಲಿ ನಿಂತಿತು. ಆದರೆ ತವರು ಮಗಳ ಮುಖ ನೋಡಿ ಗುರುತಿಸುತ್ತದೆ. ಪ್ರಭುತ್ವ ಬಡತನ ರೇಖೆಯ ಚೀಟಿ ನೋಡಿ ಗುರುತಿಸುತ್ತದೆ. ನೋಂದಣಿ ಪತ್ರದ ಹೆಣ್ಣಿನ ಕೈಯಲ್ಲಿ ಆ ಚೀಟಿ ಇರಲಿಲ್ಲ.

ಈ ಬೀಗ ಸಡಿಲವಾದದ್ದು ಎರಡು ಹೆಜ್ಜೆಗಳಲ್ಲಿ. 2013ರ ಆಹಾರ ಭದ್ರತಾ ಕಾಯ್ದೆಯ 4ನೆಯ ಪ್ರಕರಣ ‘ಪ್ರತಿಯೊಬ್ಬ ಗರ್ಭಿಣಿ’ ಎಂದು ಹೇಳುತ್ತದೆಯೇ ಹೊರತು ಪ್ರಜೆಯಾದ ಗರ್ಭಿಣಿ ಎನ್ನುವುದಿಲ್ಲ. ಅಂಗನವಾಡಿಯ ಊಟ, 6000 ರೂಪಾಯಿಗೆ ಕಡಿಮೆಯಿಲ್ಲದ ನೆರವು ಅದರಲ್ಲಿವೆ. ಆದರೆ ಎಲ್ಲವೂ ಸರ್ಕಾರ ರೂಪಿಸುವ ಯೋಜನೆಗೆ ಒಳಪಟ್ಟದ್ದು. 2014ರ ಟಿಬೆಟಿಯನ್ ಪುನರ್ವಸತಿ ನೀತಿ ಪಡಿತರ, ಉದ್ಯೋಗ ಖಾತರಿ ಮೊದಲಾದ ಯೋಜನೆಗಳನ್ನು ಇವರಿಗೂ ವಿಸ್ತರಿಸುವಂತೆ ರಾಜ್ಯಗಳಿಗೆ ಸೂಚಿಸಿತು. 2017ರ ಮಾತೃವಂದನಾ ಯೋಜನೆ ಮೊದಲಿಗೆ ಗಂಡನ ಆಧಾರ್ ಸಂಖ್ಯೆಯನ್ನೂ ಕೇಳುತ್ತಿತ್ತು. 2022ರ ಪರಿಷ್ಕರಣೆಯಲ್ಲಿ ಅದು ಕಡ್ಡಾಯವಲ್ಲವೆಂದಾಗಿ, ಬಡತನ ರೇಖೆಯ ಪಡಿತರ ಚೀಟಿ, ಉದ್ಯೋಗ ಖಾತರಿ ಚೀಟಿಗಳು ಅರ್ಹತೆಯ ಗುರುತುಗಳಾದವು. ಆಧಾರ್ ನಿವಾಸಿಗೆ ಸಿಗುವುದೇ ಹೊರತು ಪ್ರಜೆಗೆ ಮಾತ್ರವಲ್ಲ. ಇವೆಲ್ಲವನ್ನೂ ತಾಳೆ ಹಾಕಿದರೆ, ವಸತಿಯ ಗರ್ಭಿಣಿ ಯೋಜನೆಯ ಹೊಸ್ತಿಲವರೆಗಾದರೂ ಬರಬಹುದು. ಹೊಸ್ತಿಲು ದಾಟಿಸುವುದು ರಾಜ್ಯದ ಆದೇಶ ಮತ್ತು ಸ್ಥಳೀಯ ಅಧಿಕಾರಿಯ ವಿವೇಚನೆ.

ಅದೇ 2014ರ ಜೂನ್‌ನಲ್ಲಿ ಐರೋಪ್ಯ ನ್ಯಾಯಾಲಯ, ಬ್ರಿಟನ್ನಿನಲ್ಲಿದ್ದ ಫ್ರಾನ್ಸಿನ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ, ತುಂಬು ಬಸುರಿನ ಕಾರಣ ಕೆಲಸ ಬಿಟ್ಟವಳು ಹೆರಿಗೆಯ ನಂತರ ಸಮಂಜಸ ಅವಧಿಯಲ್ಲಿ ಮರಳಿ ಕೆಲಸ ಹಿಡಿದರೆ ‘ಕೆಲಸಗಾರ್ತಿ’ ಎಂಬ ಸ್ಥಾನವನ್ನು ಕಳೆದುಕೊಳ್ಳುವುದಿಲ್ಲ ಎಂದಿತು. ಅಲ್ಲಿ ಹಕ್ಕು ಹುಟ್ಟಿದ್ದು ಹಿಂದೆ ಮಾಡಿದ ಕೆಲಸದಿಂದ. ಬೈಲಕುಪ್ಪೆಯ ಹೆಣ್ಣಿಗೆ ಆ ದಾರಿಯೂ ಇಲ್ಲ. ಇರುವುದು ಸಂವಿಧಾನದ 21ನೆಯ ವಿಧಿ: ಜೀವಿಸುವ ಹಕ್ಕು ಪ್ರಜೆಗಳಲ್ಲದವರಿಗೂ ಉಂಟೆಂದು ಸರ್ವೋಚ್ಚ ನ್ಯಾಯಾಲಯ 1996ರ ಚಕ್ಮಾ ಪ್ರಕರಣದಲ್ಲಿಯೂ, 2000ದ ಚಂದ್ರಿಮಾ ದಾಸ್ ಪ್ರಕರಣದಲ್ಲಿಯೂ ಎತ್ತಿಹಿಡಿದಿದೆ.

ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲೂಕುಗಳಲ್ಲಿ ಇಂಥ ವಸತಿಗಳಿಲ್ಲ. ಆದರೂ ಕೋಟೆಯನ್ನು ಬಿಟ್ಟು ಈ ಚರಿತ್ರೆ ಪೂರ್ಣವಾಗದು. ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರ ಹೆಣ್ಣು ಹುಟ್ಟಿನಿಂದಲೇ ಪ್ರಜೆ. ಯಾವ ಯೋಜನೆಯೂ ಅವಳನ್ನು ಹೊರಗಿಟ್ಟಿಲ್ಲ. ಆದರೆ ಹಾಡಿಯಿಂದ ಹಾಡಿಗೆ ನೆಲೆ ಬದಲಿಸಿದವಳ ಬಳಿ ವಿಳಾಸದ ಪುರಾವೆ, ಬ್ಯಾಂಕ್ ಪುಸ್ತಕಗಳಿರುವುದು ದುರ್ಲಭ. ಹುಣಸೂರಿನ ಆಸುಪಾಸಿನಲ್ಲಿಯೇ ಇರುವ ಕ್ಯಾಂಪಿನ ಹೆಣ್ಣಿಗೆ ಕಾಗದವಿದೆ, ಪೌರತ್ವವಿಲ್ಲ. ಹಾಡಿಯ ಹೆಣ್ಣಿಗೆ ಪೌರತ್ವವಿದೆ, ಕಾಗದವಿಲ್ಲ. ಪರದೇಶಿ ಎಂಬ ಪದದ ಎರಡು ಅರ್ಥಗಳು ಇಬ್ಬರಲ್ಲಿ ಹಂಚಿಹೋಗಿವೆ.

ಇನ್ನು ಹುಟ್ಟುವ ಮಗುವಿನ ಮಾತು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಪ್ರಜೆಗಳು. ಅಂದರೆ ಹಳೆ ಕ್ಯಾಂಪಿನ ವಿದೇಶೀಯ ತಾಯಂದಿರು ಕಾಲು ಶತಮಾನ ಕಾಲ ಭಾರತದ ಪ್ರಜೆಗಳನ್ನು ಹೆತ್ತರು. ಅದು ಹೆತ್ತವರಿಗೂ ಹೆಚ್ಚಾಗಿ ತಿಳಿದಿರಲಿಲ್ಲ, ಕಚೇರಿಗಳೂ ಒಪ್ಪಿರಲಿಲ್ಲ. 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ನಮ್‌ಗ್ಯಾಲ್ ದೋಲ್ಕರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. 1987ರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು. 2004ರ ಡಿಸೆಂಬರ್ 3ರಿಂದ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆಯಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹೀಗೆ ಗಂಡ ಹುಟ್ಟಿದ ಊರು, ವರ್ಷಗಳು ಹೆಂಡತಿಯ ಹೆರಿಗೆಯ ಫಲವನ್ನು ನಿರ್ಧರಿಸತೊಡಗಿದವು. 2017ರಲ್ಲಿ ಕೇಂದ್ರ ಸರ್ಕಾರ, ಪ್ರಜೆಯೆಂದು ಪಾಸ್‌ಪೋರ್ಟ್ ಕೇಳುವವರು ನೋಂದಣಿ ಪತ್ರವನ್ನು ಒಪ್ಪಿಸಿ, ವಸತಿಯ ವಾಸವನ್ನೂ ಅದರ ಸವಲತ್ತುಗಳನ್ನೂ ಬಿಡಬೇಕೆಂದು ವಿಧಿಸಿತು. ಬಾಣಂತನಕ್ಕೆ ನೆರೆಯವರು ಒದಗುವ ಓಣಿಯನ್ನು ಬಿಟ್ಟು ಯೋಜನೆಯ ಹಣವನ್ನು ಅರಸಿ ಹೋಗಲು ಕುಟುಂಬಗಳು ಹಿಂಜರಿದದ್ದು ಸಹಜವೇ ಆಗಿದೆ. ಇಬ್ಬರೂ ನೋಂದಣಿ ಪತ್ರದವರಾದ ದಂಪತಿಗಳ ಮಗುವಿಗೆ ಇಂದು ಸಿಗುವ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಪಿರಿಯಾಪಟ್ಟಣ ತಾಲೂಕು, ಮೈಸೂರು ಜಿಲ್ಲೆ ಎಂದೇ ಇರುತ್ತದೆ. ಬೆಳೆದ ಮೇಲೆ ಆ ಮಗುವೂ ವಿದೇಶೀಯರ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಬೇಕು.