ಕೋಶೀಯ ದೂರವಾಣಿ: ಕಲ್ಪನೆ ಮತ್ತು ವಿಳಂಬ

1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಆರಂಭವಾದ ವಾಹನ ದೂರವಾಣಿ ಸೇವೆಯಲ್ಲಿ, ಒಂದು ಕರೆ ಆಕ್ರಮಿಸಿದ ಆವರ್ತನವು ಇಡೀ ನಗರಕ್ಕೇ ಅಲಭ್ಯವಾಗುತ್ತಿತ್ತು. ಬೆಲ್ ಪ್ರಯೋಗಾಲಯದ ಡಗ್ಲಸ್ ರಿಂಗ್ ಅವರು 1947ರ ಟಿಪ್ಪಣಿಯೊಂದರಲ್ಲಿ ಇದಕ್ಕೆ ಪರಿಹಾರ ಸೂಚಿಸಿದರು: ಪ್ರದೇಶವನ್ನು ಷಟ್ಕೋನಾಕೃತಿಯ ಕೋಶಗಳಾಗಿ ವಿಭಜಿಸಿ, ಪ್ರತಿಯೊಂದಕ್ಕೂ ಅಲ್ಪಶಕ್ತಿಯ ಪ್ರಸಾರಕವನ್ನು ಒದಗಿಸಿದರೆ, ಅದೇ ಆವರ್ತನವನ್ನು ದೂರದ ಕೋಶದಲ್ಲಿ ಮತ್ತೆ ಬಳಸಬಹುದು. ಆದರೆ ಚಲಿಸುವ ವಾಹನದ ಕರೆಯನ್ನು ಕೋಶದಿಂದ ಕೋಶಕ್ಕೆ ತುಂಡಾಗದಂತೆ ದಾಟಿಸಬಲ್ಲ ಗಣಕಚಾಲಿತ ವಿನಿಮಯ ಕೇಂದ್ರಗಳು ಅಂದು ಇರಲಿಲ್ಲ. ಅದಕ್ಕೂ ಮಿಗಿಲಾಗಿ ತಡೆದದ್ದು ಆವರ್ತನ ಹಂಚಿಕೆಯ ಆಡಳಿತವೇ ಎನ್ನಬೇಕು. ದೂರದರ್ಶನ ಪ್ರಸಾರಕ್ಕೆ ಮೀಸಲಿದ್ದ ಆವರ್ತನಗಳ ಒಂದು ಭಾಗ ಸಂಚಾರಿ ಸೇವೆಗೆ ದೊರೆತದ್ದು 1970ರ ದಶಕದಲ್ಲಿ. ಟೋಕಿಯೊ 1979ರಲ್ಲಿ ಈ ಸೇವೆಯನ್ನು ಪಡೆಯಿತು. ಕಲ್ಪನೆಯ ತವರಾದ ಅಮೆರಿಕದಲ್ಲಿ ಷಿಕಾಗೊ 1983ರವರೆಗೆ ಕಾಯಿತು. ಭಾರತದಲ್ಲಿ 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖರಾಮ್ ಅವರಿಗೆ ಮೊದಲ ಕರೆ ಮಾಡಿದರು.