ಬಾಂದುಕಲ್ಲಿನ ಸುತ್ತ ಇದ್ದವರು

ಮೂವತ್ತು ನಲವತ್ತರ ಸೈಟು ಅಂದರೆ 1200 ಚದರಡಿ. ನಮ್ಮ ಗುಂಟೆಗೆ 1089. ನಂಜನಗೂಡು, ತಿ. ನರಸೀಪುರಗಳ ಬಡಾವಣೆಗಳಲ್ಲಿ ಎಂಜಿನಿಯರಿಗೂ ಸರ್ವೆಯವನಿಗೂ ತಕರಾರು ಹುಟ್ಟುವುದೇ ಇಲ್ಲಿ. ನಾನು ಸರ್ವೆಯವರ ಸರಪಳಿಯ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ.

33 ಅಡಿಯ ಆ ಸರಪಳಿಗೆ ಹದಿನಾರು ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ, ಅದು ಗುಂಟೆ. ನಲವತ್ತು ಕೂಡಿದರೆ ಎಕರೆ. ಮೈಸೂರು ಸೀಮೆಯಲ್ಲಿ ಮುಂಬಯಿ ಪದ್ಧತಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಟಿಪ್ಪುವಿನ ಪತನದ ಬೆನ್ನಿಗೇ ಬಂದ ಮೆಕೆಂಜಿಯ ಸರ್ವೆ ರಾಜ್ಯದ ನಕ್ಷೆ ಬರೆದಿತ್ತು. ಕಂದಾಯ ಸರ್ವೆ ರೈತನ ಬದುವಿಗೇ ಇಳಿಯಿತು. ಬದುವಿನ ಮೇಲೆ ಅಳೆಯುವವನೊಬ್ಬನೇ ನಿಂತರೆ ಏನೂ ಆಗುತ್ತಿರಲಿಲ್ಲ. ಹಿಡುವಳಿ ಯಾರದೆಂದು ಊರ ಲೆಕ್ಕದ ಶಾನುಭೋಗರು ಹೇಳಬೇಕಿತ್ತು. ನೀರಿನ ದಾರಿ ಗೊತ್ತಿದ್ದದ್ದು ನೀರಗಂಟಿಗೆ. ಸರಪಳಿಯ ಆ ತುದಿ ಹಿಡಿಯಲು ತೋಟಿ, ಗಡಿಯ ಬಾಂದುಕಲ್ಲು ಕಡೆಯಲು ಕಲ್ಲುಕುಟಿಗ. ಇವರೆಲ್ಲರ ತಿಳಿವಳಿಕೆ ಸೇರಿದ್ದು ಸರ್ವೆಯ ಟಿಪ್ಪಣಿಯಲ್ಲಿ. ನಡುವೆ ಒಂದು ಗೆರೆ, ಎರಡೂ ಪಕ್ಕಕ್ಕೆ ಅಡ್ಡಗೆರೆಗಳು, ಅವುಗಳ ಮೇಲೆ ಅಂಕಿ, ಅಷ್ಟೆ. ಅಳತೆಗೆ ತಕ್ಕ ಚಿತ್ರವೇ ಅಲ್ಲ ಅದು. ಹೊಸ ಆರ್ಕಿಟೆಕ್ಟುಗಳು ಅದನ್ನು ನೋಡಿ ನಗುತ್ತಾರೆ, ನಗಲಿ.

ಗ್ರಾಮ ಹುದ್ದೆಗಳ ರದ್ದತಿಗೆ 1961ರಲ್ಲಿ ಕಾಯ್ದೆ ಬಂತು, ಶಾನುಭೋಗಿಕೆ ಹೋಯಿತು. ವಂಶಪಾರಂಪರ್ಯದ ದರ್ಪವೂ ಅದರ ಜೊತೆಗೆ ಹೋದದ್ದು ಒಳ್ಳೆಯದೇ. ಆದರೆ ಹೊಲದ ಬಾಯಿಮಾತೂ ಹೋಯಿತು.

ಅದರ ಬೆಲೆ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ನೆಲದಲ್ಲಿ, ಕಾಣುತ್ತದೆ. ಎರಡು ಎಕರೆಯ ಪಹಣಿಯಲ್ಲಿ ಐದು ಗುಂಟೆ ಬ ಖರಾಬು ಇದ್ದರೆ ಅದು ಹಳ್ಳವೋ ಬಂಡಿದಾರಿಯೋ ಆಗಿರುತ್ತದೆ, ಸಾರ್ವಜನಿಕರದು, ಮಾರುವಂತಿಲ್ಲ. ಹುಲ್ಲಹಳ್ಳಿ ನಾಲೆ, ತಲಕಾಡಿನ ಕಡೆಯ ಮಾಧವಮಂತ್ರಿ ನಾಲೆ, 1974ರ ಕಬಿನಿ ಅಣೆಕಟ್ಟಿನ ಕಾಲುವೆಗಳು; ಈ ಎರಡು ತಾಲ್ಲೂಕಿನಲ್ಲಿ ನೀರು ಹಾಯದ ಬಯಲು ಹುಡುಕಬೇಕು. ಆರ್ಕಿಟೆಕ್ಟು ಪಹಣಿಯ ಒಟ್ಟು ವಿಸ್ತೀರ್ಣ ಹಿಡಿದು ಸೈಟು ಜೋಡಿಸುತ್ತಾನೆ, ಭೂಪರಿವರ್ತನೆಗೆ ಅರ್ಜಿ ಹೋಗುತ್ತದೆ, ನನ್ನನ್ನು ಕರೆಯುವುದು ಕೊನೆಗೆ. ಅಷ್ಟರಲ್ಲಿ ಹಳ್ಳದ ಮೇಲೆ ನಾಲ್ಕು ಸೈಟಿಗೆ ಮುಂಗಡ ಬಂದಾಗಿರುತ್ತದೆ. ಟೋಟಲ್ ಸ್ಟೇಷನ್ ಯಂತ್ರ ಮಿಲಿಮೀಟರು ಹೇಳುತ್ತದೆ, ಖರಾಬು ಹೇಳದು.

ನನ್ನ ಮಾತು ಬೇಗ ತಿಳಿಯುವುದು ಗಾರೆಯವರಿಗೆ. ಮೂರು, ನಾಲ್ಕು, ಐದಡಿಯ ದಾರದಲ್ಲಿ ಅವರು ಹಿಡಿಯುವ ಮೂಲೆಮಟ್ಟವೇ ನಮ್ಮ ಅಡ್ಡಕಡ್ಡಿಯದೂ. ಗಡಿ ಗುರುತಿಸುವ ಹದ್ದುಬಸ್ತಿನ ದಿನ ಎಂಜಿನಿಯರು ಫೋನಿನಲ್ಲಿ ಸಿಗುತ್ತಾರೆ. ಗಾರೆಯವನು ಹಾರೆ ಹಿಡಿದು ಬಂದಿರುತ್ತಾನೆ, ಹೂತ ಕಲ್ಲು ಹುಡುಕಲು.