ಬಸುರಿ, ತಪ್ಪಲ ಪಲ್ಯ ಮತ್ತು ಒಂದು ಕೆಂಪು ಗುಳಿಗೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಚೌಡಾಪುರ. ಗಾಣಗಾಪುರಕ್ಕೆ ಹೋಗೋರು ಇಲ್ಲೇ ತಿರುಗಬೇಕು, ಹಾಗಾಗಿ ದತ್ತನ ಭಕ್ತರಿಗಾದರೂ ನಮ್ಮೂರ ಹೆಸರು ಗೊತ್ತಿರುತ್ತೆ :)

ಮೊನ್ನೆ ತಂಗಿಯ ಕುಬಸಕ್ಕೆ ಹೋಗಿದ್ದೆ. ಅವಳ ದಿಂಬಿನ ಕೆಳಗೆ ಕೆಂಪು ಗುಳಿಗೆಗಳ ಪಟ್ಟಿ, ಒಂದೂ ಒಡೆದಿಲ್ಲ! ಯಾಕೆ ಅಂದರೆ ಆಯಿಯ ಕಡೆ ನೋಡಿದಳು.

"ಗುಳಗಿ ನುಂಗಿದ್ರ ಕೂಸು ದಪ್ಪ ಆಗ್ತದ, ಹೆರಿಗಿ ಕಷ್ಟ. ನಾ ಹೊಲದಾಗ ಕಸಾ ತೆಗಕೋತ ನಿಮ್ಮಪ್ಪನ್ನ ಹಡದೀನಿ" ಅಂದಳು ಆಯಿ. ಬಾಣಂತನದಲ್ಲೇ ತೀರಿಕೊಂಡ ತನ್ನ ಅಕ್ಕನ ಮಾತು ಎತ್ತಲಿಲ್ಲ. ಆ ಅಕ್ಕ ಕಡೆಕಡೆಗೆ ಬಿಳಿಚಿಕೊಂಡಿದ್ದಳು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದಳು ಅಂತ ಹಿಂದೊಮ್ಮೆ ಆಯಿಯೇ ಹೇಳಿದ್ದು. ಅದು ರಕ್ತಹೀನತೆಯ ಲಕ್ಷಣ.

ಈ ಗುಳಿಗೆಯ ಕತೆ ಶುರುವಾಗೋದು ನಮ್ಮ ಕಲಬುರಗಿ ಸ್ಟೇಷನ್ನಿನಿಂದ ರೈಲು ಹತ್ತಿದರೆ ಸಿಗುವ ಮುಂಬೈಯಲ್ಲಿ. ನಮ್ಮೂರು ಇನ್ನೂ ನಿಜಾಮನ ಕೈಯಲ್ಲಿದ್ದ ಕಾಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಡ ಬಸುರಿಯರಲ್ಲಿ ಒಂದು ವಿಚಿತ್ರ ರಕ್ತಹೀನತೆ ಇತ್ತು: ರಕ್ತಕಣಗಳ ಸಂಖ್ಯೆ ಕಡಿಮೆ, ಆದರೆ ಗಾತ್ರ ದೊಡ್ಡದು. ಕೆಲವರು ಸೋಂಕು ಅಂದರು. ವಿಲ್ಸ್ ಮಾತ್ರ ಆ ಹೆಂಗಸರು ಏನು ಉಣ್ಣುತ್ತಾರೆ ಅಂತ ನೋಡಿದರು. ಬ್ರೆಡ್ಡಿಗೆ ಸವರುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟು ಅವರನ್ನು ಗುಣಪಡಿಸಿದರು, 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದ ಮದ್ದು ಯಾವುದು ಅಂತ ಅವರಿಗೂ ಆಗ ತಿಳಿಯಲಿಲ್ಲ. 1941ರಲ್ಲಿ ಅಮೆರಿಕದಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಹಿಂಡಿ ಒಂದು ವಸ್ತು ತೆಗೆದು, ಲ್ಯಾಟಿನ್ನಿನ 'ಎಲೆ'ಯ ಹೆಸರಿಟ್ಟರು: ಫೋಲಿಕ್ ಆಮ್ಲ. ಮಾರ್ಮೈಟಿನಲ್ಲಿದ್ದದ್ದು ಇದೇ ಫೋಲೇಟ್. 1970ರಿಂದ ಭಾರತ ಸರ್ಕಾರ ಕಬ್ಬಿಣದ ಜೊತೆ ಇದನ್ನೂ ಸೇರಿಸಿ ಬಸುರಿಯರಿಗೆ ಹಂಚುತ್ತಿದೆ.

ಇಷ್ಟನ್ನೂ ಆಯಿಗೆ ಹೇಳಿದೆ. ಗುಳಿಗೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಂದ್ರ ಇದು ತಪ್ಪಲ ಪಲ್ಯಾನೇ ಏನು?" ಅಂದಳು.

ಅರ್ಧ ಹೌದು. ಆದರೆ ಪಲ್ಯವನ್ನು ನಾವು ಗಂಟೆಗಟ್ಟಲೆ ಕುದಿಸಿ ನೀರು ಬಸಿದರೆ ಫೋಲೇಟ್ ಬಹುಪಾಲು ಹೋಗಿಬಿಡುತ್ತೆ. ಬಸುರಿಗೆ ಬೇಕಾದಷ್ಟು ಕಬ್ಬಿಣ ಬರೀ ರೊಟ್ಟಿ-ಪಲ್ಯದಿಂದ ಸಿಗೋದೂ ಕಷ್ಟ.

ಆ ರಾತ್ರಿ ಊಟವಾದ ಮೇಲೆ ತಂಗಿ ಮೊದಲ ಗುಳಿಗೆ ನುಂಗಿದಳು. ಅದರ ಹಿಂದೆಯೇ ಚಹಾ ಕುಡಿಯಬೇಡ, ಕಬ್ಬಿಣ ಮೈಗೆ ಹತ್ತೋದಿಲ್ಲ ಅಂದೆ. ಅಷ್ಟರಲ್ಲಿ ಆಯಿ ಚಹಾಕ್ಕೆ ಇಟ್ಟಾಗಿತ್ತು... ನನ್ನ ಮೇಲೆ ಇನ್ನೂ ಸಿಟ್ಟಿದೆ.